ರಿಜಿಸ್ಟರೂ ಬರೀಬೇಕು, ಕಂಪ್ಯೂಟರಿಗೂ ಹಾಕಬೇಕು: ಎಲ್ಲಿಂದ ಶುರು ಮಾಡೋದು?

ಪ್ರಶ್ನೆ: ನಾನು ಕೊಪ್ಪಳ ಜಿಲ್ಲೆಯ ಒಂದು ಸಮುದಾಯ ಆರೋಗ್ಯ ಕೇಂದ್ರದಲ್ಲಿ ಶುಶ್ರೂಷಾಧಿಕಾರಿ. 30 ಹಾಸಿಗೆಯ ಆಸ್ಪತ್ರೆ, ದಿನಕ್ಕೆ 200ರ ಹತ್ತಿರ ಹೊರರೋಗಿಗಳು. ಈಗ ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿ ಎಂದಿದ್ದಾರೆ. ಆದರೆ ರಿಜಿಸ್ಟರ್ ಬರೆಯೋದು ನಿಂತಿಲ್ಲ. ಎರಡು ದಿನ ತರಬೇತಿ ಕೊಟ್ಟರು, ಆಮೇಲೆ ಯಾರೂ ಬರಲಿಲ್ಲ. ಕರೆಂಟ್ ಹೋಗುತ್ತದೆ, ನೆಟ್ ಹೋಗುತ್ತದೆ. ಹಿರಿಯ ಸಿಸ್ಟರ್‌ಗಳಿಗೆ ಕೀಬೋರ್ಡ್ ಅಂದ್ರೇ ಭಯ. ಇದರಿಂದ ರೋಗಿಗೆ ನಿಜವಾಗಿ ಉಪಯೋಗ ಇದೆಯಾ, ಅಥವಾ ಮೇಲಕ್ಕೆ ವರದಿ ಕಳಿಸೋಕಷ್ಟೇನಾ? ನಾವು ಎಲ್ಲಿಂದ ಶುರು ಮಾಡಬೇಕು?

ಉತ್ತರ: ಸಿಸ್ಟರ್, ಉಪಯೋಗ ಖಂಡಿತ ಇದೆ. ಆದರೆ ಈಗ ನಿಮ್ಮಲ್ಲಿ ನಡೆಯುತ್ತಿರುವ ರೀತಿಯಲ್ಲೇ ನಡೆದರೆ ರೋಗಿಗೂ ಸಿಗಲ್ಲ, ನಿಮಗೂ ಸಿಗಲ್ಲ. ಒಬ್ಬ ರೋಗಿಯ ವಿವರ ಕಂಪ್ಯೂಟರಿಗೆ ಹಾಕಲು 3 ನಿಮಿಷ ಅಂತಿಟ್ಟುಕೊಂಡರೂ 200 ಜನಕ್ಕೆ 600 ನಿಮಿಷ ಆಯಿತು, ಅಂದರೆ 10 ಗಂಟೆ. ಓಪಿಡಿ ಇರೋದೇ ಅಷ್ಟು ಹೊತ್ತಿಲ್ಲ. ಅದರ ಮೇಲೆ ರಿಜಿಸ್ಟರ್ ಬೇರೆ. ಹಾಗಾಗಿ "ನಮ್ಮ ಸಿಬ್ಬಂದಿ ಆಸಕ್ತಿ ತೋರಿಸುತ್ತಿಲ್ಲ" ಅಂತ ಯಾರಾದರೂ ಅಂದರೆ ನೀವು ನೊಂದುಕೊಳ್ಳಬೇಡಿ. ಇಲ್ಲಿ ಲೆಕ್ಕವೇ ಹೊಂದುತ್ತಿಲ್ಲ.

ನಾನು 20 ವರ್ಷಕ್ಕೂ ಜಾಸ್ತಿ ತಾಲ್ಲೂಕು ಮಟ್ಟದ ಆಸ್ಪತ್ರೆಗಳಲ್ಲಿ ಕೆಲಸ ಮಾಡಿದವನು. ಆಮೇಲೆ ಇದೇ ವಿಷಯದಲ್ಲಿ ಸಿಬ್ಬಂದಿಗೆ ತರಬೇತಿ ಕೊಡುತ್ತಾ ಬಂದಿದ್ದೇನೆ. ಅದರಲ್ಲಿ ನನಗೆ ಗಟ್ಟಿಯಾಗಿ ಅನ್ನಿಸಿದ್ದು ಒಂದೇ. ಬರೆಯುವ ಕೈಗೆ ಅದೇ ವಾರ ಏನಾದರೂ ವಾಪಸ್ ಸಿಕ್ಕರೆ ದಾಖಲೆ ಉಳಿಯುತ್ತದೆ. ಬರೀ ಮೇಲಕ್ಕೆ ಹೋಗುತ್ತಾ ಇದ್ದರೆ ಆರು ತಿಂಗಳಲ್ಲಿ ಸತ್ತುಹೋಗುತ್ತದೆ. ಸತ್ತ ಮೇಲೂ ಅಂಕಿಗಳು ಬರುತ್ತಲೇ ಇರುತ್ತವೆ, ಅದೇ ಅಪಾಯ. ಒಂದು ಆಸ್ಪತ್ರೆಯಲ್ಲಿ ಒಂದು ತಿಂಗಳ ಬಿಪಿ ನಮೂದುಗಳನ್ನು ತೆಗೆದು ನೋಡಿದೆ. ಪುಟ ಪುಟಕ್ಕೂ 120/80. ಯಾರನ್ನೂ ಬೈಯಲಿಲ್ಲ. ಜಾಗ ಖಾಲಿ ಬಿಟ್ಟರೆ ಮುಂದಿನ ಪರದೆ ತೆರೆಯುತ್ತಿರಲಿಲ್ಲ, ಹೊರಗೆ ಸಾಲು ನಿಂತಿತ್ತು, ಏನೋ ಒಂದು ಹಾಕಿದ್ದರು. ಆದರೆ ಆ ಸಾಲಿನಲ್ಲಿ 180 ಇದ್ದವರೂ ಇದ್ದರು, ಅಲ್ವಾ? ದಯವಿಟ್ಟು ಇದೊಂದು ಮಾತು ನಿಮ್ಮಲ್ಲಿ ಎಲ್ಲರಿಗೂ ಹೇಳಿ: ಖಾಲಿ ಬಿಟ್ಟರೆ "ನೋಡಿಲ್ಲ" ಅಂತ ಗೊತ್ತಾಗುತ್ತದೆ. ಅಂದಾಜು ಹಾಕಿದರೆ "ನೋಡಿದ್ದಾರೆ, ಸರಿ ಇದೆ" ಅಂತ ಮುಂದಿನ ಡಾಕ್ಟರ್ ನಂಬುತ್ತಾರೆ. ತಂತ್ರಾಂಶ ಖಾಲಿ ಬಿಡಲು ಬಿಡದಿದ್ದರೆ ಅದನ್ನೇ ದೂರಾಗಿ ಬರೆದು ಕಳಿಸಿ.

ಇನ್ನು ಎಲ್ಲಿಂದ ಶುರು ಅನ್ನೋದು. ಎಲ್ಲರೂ ಡಾಕ್ಟರ ಪರದೆಯಿಂದ ಶುರು ಮಾಡುತ್ತಾರೆ. ನಾನು ಚೀಟಿ ಕೊಡುವ ಕೌಂಟರಿನಿಂದ ಅನ್ನುತ್ತೇನೆ. ಯಾಕೆ ಅಂತ ಒಂದು ಘಟನೆ ಹೇಳುತ್ತೇನೆ.

ನಿಮ್ಮ ಕಡೆ ಹುಲಿಗೆಮ್ಮ ಅನ್ನೋ ಹೆಸರು ಎಷ್ಟು ಜನಕ್ಕಿದೆ ಅಂತ ನಿಮಗೆ ಗೊತ್ತು. ಹುಲಿಗಿ ದೇವಿಯ ಹೆಸರು, ಊರಿಗೆ ನಾಲ್ಕು ಜನ ಸಿಗುತ್ತಾರೆ. ನಾನಿದ್ದ ಒಂದು ಆಸ್ಪತ್ರೆಯಲ್ಲಿ ಕಂಪ್ಯೂಟರ್ ಬಂದು ಮೂರನೇ ವಾರ. ಸೋಮವಾರ, ಸಂತೆ ದಿನ. ಒಬ್ಬ ಹುಲಿಗೆಮ್ಮ ಕೌಂಟರಿಗೆ ಬಂದರು. ಹುಡುಗ ಗಂಡನ ಹೆಸರು ಕೇಳಿದ. ಆಕೆ ಸೆರಗು ಬಾಯಿಗಿಟ್ಟುಕೊಂಡು ಸುಮ್ಮನೆ ನಿಂತರು. ಆ ಕಡೆ ಹಿರಿಯ ಹೆಣ್ಣುಮಕ್ಕಳು ಗಂಡನ ಹೆಸರು ಹೇಳುವುದಿಲ್ಲ. ಪಕ್ಕದಲ್ಲಿ ಹೇಳಿಕೊಡಲು ಯಾರೂ ಇರಲಿಲ್ಲ. ಹಿಂದೆ ನೂಕುನುಗ್ಗಲು. ಹುಡುಗ ಆ ಜಾಗ ಖಾಲಿ ಬಿಟ್ಟು ಹುಡುಕಿದ. ಅದೇ ಊರಿನ, ಅದೇ 45 ವಯಸ್ಸಿನ ಹುಲಿಗೆಮ್ಮ ಪರದೆಯಲ್ಲಿ ಬಂದರು. ಒತ್ತಿಬಿಟ್ಟ. ಡಾಕ್ಟರ್ ಪರದೆ ನೋಡಿದಾಗ ಹಿಂದಿನ ವಾರದ ಶುಗರ್ 340 ಕಂಡಿತು. ಮಾತ್ರೆ ಜಾಸ್ತಿ ಮಾಡಿ ಬರೆದರು. ಉಳಿಸಿದ್ದು ಇಂಜೆಕ್ಷನ್ ಕೋಣೆಯ ಸಿಸ್ಟರ್. ಚೀಟಿ ನೋಡಿ, "ಯವ್ವಾ, ನಿನಗ ಸಕ್ಕರಿ ಬ್ಯಾನಿ ಐತೇನು?" ಅಂತ ಕೇಳಿದರು. "ಇಲ್ಲವ್ವ, ನನಗ ಮೊಣಕಾಲು ನೋವು" ಅಂದರು ಆಕೆ.

ಸಕ್ಕರೆ ಕಾಯಿಲೆ ಇಲ್ಲದವರು ಸಕ್ಕರೆ ಇಳಿಸುವ ಮಾತ್ರೆ ತಿಂದು, ಖಾಲಿ ಹೊಟ್ಟೆಯಲ್ಲಿ ಹೊಲಕ್ಕೆ ಹೋಗಿದ್ದರೆ ಏನಾಗುತ್ತಿತ್ತು? ಆ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆಮೇಲೆ ನಾವು ಕೌಂಟರಿನಲ್ಲಿ ಕೆಲವು ಪದ್ಧತಿ ಮಾಡಿಕೊಂಡೆವು. ಹೆಣ್ಣುಮಕ್ಕಳಿಗೆ ಗಂಡನ ಹೆಸರಿನ ಬದಲು ತಂದೆಯ ಹೆಸರು ಮತ್ತು ಓಣಿ ಕೇಳೋದು. ಫೋನ್ ನಂಬರ್ ಕೇಳಿದಾಗ ಅದು ಯಾರ ಫೋನ್ ಅಂತಲೂ ಬರೆಯೋದು, ಏಕೆಂದರೆ ಮನೆಗೆಲ್ಲ ಸೇರಿ ಒಂದೇ ನಂಬರ್ ಇರುತ್ತದೆ. ಹೆಸರಿನಿಂದ ಹುಡುಕೋದು ಕೊನೆಯಲ್ಲಿ, ಹಳೇ ಚೀಟಿಯ ನಂಬರಿನಿಂದ ಹುಡುಕೋದು ಮೊದಲು. ಯಲ್ಲಮ್ಮ ಅನ್ನೋದನ್ನು ಇಂಗ್ಲಿಷಿನಲ್ಲಿ ಒಬ್ಬರು ವೈ ಹಾಕಿ ಬರೆಯುತ್ತಾರೆ, ಇನ್ನೊಬ್ಬರು ಇ ಹಾಕಿ ಬರೆಯುತ್ತಾರೆ, ಸಿಗೋದೇ ಇಲ್ಲ. ಹುಟ್ಟಿದ ದಿನವನ್ನೂ ನಂಬಬೇಡಿ. ಆಧಾರ್‌ನಲ್ಲಿ ಊರಿನ ಅರ್ಧ ಜನ ಜನವರಿ 1ರಂದೇ ಹುಟ್ಟಿರುತ್ತಾರೆ. ಎಲ್ಲಕ್ಕಿಂತ ಮುಖ್ಯ, ಅನುಮಾನ ಬಂದರೆ ಹೊಸ ನಂಬರ್ ಕೊಡಿ. ಒಬ್ಬರಿಗೆ ಎರಡು ದಾಖಲೆ ಆದರೆ ಆಮೇಲೆ ಕೂಡಿಸಬಹುದು. ಇಬ್ಬರು ಒಂದೇ ದಾಖಲೆಯಲ್ಲಿ ಸೇರಿಕೊಂಡರೆ ಬಿಡಿಸೋದು ತುಂಬಾ ಕಷ್ಟ, ಅಷ್ಟರಲ್ಲಿ ಅನಾಹುತವೂ ಆಗಿರಬಹುದು.

ನಿಮ್ಮ ತಂತ್ರಾಂಶದಲ್ಲಿ ಫೋಟೊ ತೆಗೆಯುವ ಅವಕಾಶ ಇದ್ದರೆ ರೋಗಿಯನ್ನು ಕೇಳಿ ತೆಗೆಯಿರಿ. ಛತ್ತೀಸಗಡದ ಬಿಲಾಸಪುರದ ಹತ್ತಿರ ಗನಿಯಾರಿ ಅಂತ ಒಂದು ಊರಿದೆ. ಅಲ್ಲಿ ಜನ ಸ್ವಾಸ್ಥ್ಯ ಸಹಯೋಗ ಅನ್ನೋ ಸಂಸ್ಥೆ ಬಡವರಿಗಾಗಿ ಆಸ್ಪತ್ರೆ ನಡೆಸುತ್ತಿದೆ. ಬಾಹ್ಮ್ನಿ ಅನ್ನೋ ಮುಕ್ತ ತಂತ್ರಾಂಶ ಮೊದಲು ಬಳಕೆಗೆ ಬಂದದ್ದು ಅಲ್ಲೇ. ಅದರ ನೋಂದಣಿಯಲ್ಲಿ ರೋಗಿಯ ಫೋಟೊಕ್ಕೇ ಜಾಗ ಇದೆ. ಒಂದೇ ಹೆಸರಿನವರು ಎಷ್ಟೇ ಇರಲಿ, ಡಾಕ್ಟರ್ ಪರದೆಯ ಮುಖ ಮತ್ತು ಎದುರಿನ ಮುಖ ಹೋಲಿಸಿದರೆ ಆಯಿತು. ಆ ತಂತ್ರಾಂಶ ಆಸ್ಪತ್ರೆಯೊಳಗಿನ ಸರ್ವರ್‌ನಲ್ಲೇ ಓಡಬಲ್ಲದು, ಹೊರಗಿನ ನೆಟ್ ಹೋದರೂ ನಿಲ್ಲಬೇಕಾಗಿಲ್ಲ. ಊರಿನ ಆಸ್ಪತ್ರೆಗೆ ಹಾಗೆಯೇ ಇರಬೇಕು ಅನ್ನೋದು ನನ್ನ ಅಭಿಪ್ರಾಯ. ನಮ್ಮ ಬಹಳಷ್ಟು ಸರ್ಕಾರಿ ಪೋರ್ಟಲ್‌ಗಳು ಹಾಗಿಲ್ಲ. ಅದು ನಿಮ್ಮ ಕೈಯಲ್ಲಿಲ್ಲ ಅಂತಲೂ ಗೊತ್ತು.

ಕೌಂಟರ್ ಆದಮೇಲೆ ಲ್ಯಾಬ್, ಆಮೇಲೆ ಫಾರ್ಮಸಿ, ಆಮೇಲೆ ಡಿಸ್ಚಾರ್ಜ್ ಸಾರಾಂಶ. ಇಷ್ಟೇ ಮೊದಲ ವರ್ಷಕ್ಕೆ ಸಾಕು. ವಾರ್ಡಿನ ಟೆಂಪರೇಚರ್ ಚಾರ್ಟ್, ಕೇಸ್ ಶೀಟ್ ಕಾಗದದಲ್ಲೇ ಇರಲಿ. ರಾತ್ರಿ ಪಾಳಿಯಲ್ಲಿ ಒಬ್ಬರೇ ಇದ್ದು, ಹೆರಿಗೆ ಕೋಣೆಗೂ ವಾರ್ಡಿಗೂ ಓಡಾಡುವವರ ಹತ್ತಿರ ಪ್ರತಿ ಗಂಟೆಯ ನಾಡಿಯನ್ನು ಟೈಪ್ ಮಾಡಿಸೋದು ನ್ಯಾಯ ಅಲ್ಲ. ಲ್ಯಾಬ್ ಯಾಕೆ ಮೊದಲು ಅಂದರೆ, ವರದಿ ಹಿಡಿದುಕೊಂಡು ರೋಗಿ ಮತ್ತೆ ಸಾಲಿನಲ್ಲಿ ನಿಲ್ಲೋದು ತಪ್ಪುತ್ತದೆ, ಅದು ಮೊದಲ ದಿನವೇ ಎಲ್ಲರಿಗೂ ಕಾಣುತ್ತದೆ. ಡಿಸ್ಚಾರ್ಜ್ ಸಾರಾಂಶ ಯಾಕೆ ಅಂದರೆ, ಜಿಲ್ಲಾ ಆಸ್ಪತ್ರೆಗೆ ಕಳಿಸಿದ ರೋಗಿಯ ಕೈಯಲ್ಲಿ ಓದಬಹುದಾದ ಒಂದು ಹಾಳೆ ಇರುತ್ತದೆ. ನಮ್ಮ ಡಾಕ್ಟರುಗಳ ಕೈಬರಹ ನಿಮಗೆ ಗೊತ್ತೇ ಇದೆ. ಆ ಹಾಳೆಯಲ್ಲಿ ಮಾತ್ರೆ ಯಾವಾಗ ತಗೊಳ್ಳಬೇಕು ಅನ್ನೋದು ಕನ್ನಡದಲ್ಲಿ ಅಚ್ಚಾಗಿ ಬರಲಿ. ದಾಖಲೆ ರೋಗಿಯ ಕೈಗೆ ಕೊಡೋದಕ್ಕೆ ನಿಯಮದ ಬೆಂಬಲವೂ ಇದೆ. 2002ರ ವೈದ್ಯಕೀಯ ನಡವಳಿಕೆ ನಿಯಮಗಳ ಪ್ರಕಾರ ಒಳರೋಗಿಗಳ ದಾಖಲೆಯನ್ನು ಡಾಕ್ಟರ್ 3 ವರ್ಷ ಇಡಬೇಕು. ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ದಾಖಲೆಗಳನ್ನು ಕಂಪ್ಯೂಟರಿಗೆ ತರಲು ಪ್ರಯತ್ನ ಮಾಡಬೇಕು ಅಂತಲೂ ಅದರಲ್ಲೇ ಇದೆ.

ಈಗ ನಿಮ್ಮ ನಿಜವಾದ ಪ್ರಶ್ನೆಗೆ ಬರೋಣ. ರೋಗಿಗೆ ಏನು ಸಿಗುತ್ತದೆ?

ಬಿಪಿ ರೋಗಿಗಳನ್ನು ತಗೊಳ್ಳಿ. ರಿಜಿಸ್ಟರ್‌ನಲ್ಲಿ ಬಂದವರ ಹೆಸರು ಇರುತ್ತದೆ. ಬರದೇ ಇದ್ದವರ ಹೆಸರು ಯಾವ ರಿಜಿಸ್ಟರ್‌ನಲ್ಲೂ ಇರಲ್ಲ. ಅವರನ್ನು ಹುಡುಕಬೇಕಾದರೆ ಹಿಂದಿನ ತಿಂಗಳ ಪುಟ ಮತ್ತು ಈ ತಿಂಗಳ ಪುಟ ಎದುರುಬದುರು ಇಟ್ಟು ಒಂದೊಂದೇ ಹೆಸರು ಗುರುತು ಹಾಕಬೇಕು. ಯಾರಿಗೆ ಪುರುಸೊತ್ತಿದೆ? ಕಂಪ್ಯೂಟರ್ ಇದನ್ನು ಕ್ಷಣದಲ್ಲಿ ಕೊಡುತ್ತದೆ. 2017ರಲ್ಲಿ ಶುರುವಾದ ಭಾರತ ಅಧಿಕ ರಕ್ತದೊತ್ತಡ ನಿಯಂತ್ರಣ ಕಾರ್ಯಕ್ರಮದಲ್ಲಿ ಹಲವು ರಾಜ್ಯಗಳ ಸಿಬ್ಬಂದಿ ಸಿಂಪಲ್ ಅನ್ನೋ ಆ್ಯಪ್ ಬಳಸಿದರು. ಅದರಲ್ಲಿ ತುಂಬೋದು ಬಹಳ ಕಡಿಮೆ: ಬಿಪಿ ಎಷ್ಟು, ಯಾವ ಮಾತ್ರೆ, ಮುಂದೆ ಯಾವತ್ತು ಬರಬೇಕು. ನೆಟ್ ಇಲ್ಲದಿದ್ದರೂ ನಡೆಯುತ್ತದೆ. ಹೇಳಿದ ದಿನ ಬರದವರ ಪಟ್ಟಿ ತಾನೇ ತಯಾರಾಗುತ್ತದೆ, ಅಲ್ಲಿಂದಲೇ ಫೋನ್ ಮಾಡಬಹುದು. ನಿಮ್ಮ ತಂತ್ರಾಂಶ ಯಾವುದೇ ಇರಲಿ, ಇಂಥ ಪಟ್ಟಿ ತೆಗೆಯೋದು ಹೇಗೆ ಅಂತ ಮೊದಲು ಕಲಿಯಿರಿ. ಪ್ರತಿ ಶುಕ್ರವಾರ ಅದನ್ನು ಅಚ್ಚು ಹಾಕಿ, ಊರುವಾರು ಕತ್ತರಿಸಿ ಆಶಾ ಕಾರ್ಯಕರ್ತೆಯರ ಕೈಗೆ ಕೊಡಿ. ಮುಂದಿನ ವಾರ ಆ ಪಟ್ಟಿಯಿಂದ ಐದು ಜನ ಬಂದರೂ ಸಾಕು. ಟೈಪ್ ಮಾಡಿದ ಸಿಸ್ಟರ್‌ಗೆ ತನ್ನ ಕೆಲಸ ಏನಾಯಿತು ಅಂತ ಕಣ್ಣಿಗೆ ಕಾಣುತ್ತದೆ.

ನಿಮ್ಮ ಜಿಲ್ಲೆಯಲ್ಲಿ ಇನ್ನೊಂದು ಕಾರಣವೂ ಇದೆ. ಗುಳೆ ಹೋಗೋದು. ಸುಗ್ಗಿ ಮುಗಿದ ಮೇಲೆ ಅರ್ಧ ಓಣಿ ಬೆಂಗಳೂರಿಗೋ ಮಂಗಳೂರಿಗೋ ಗೋವಾಕ್ಕೋ ಕಟ್ಟಡದ ಕೆಲಸಕ್ಕೆ ಹೋಗಿರುತ್ತದೆ. ಬಿಪಿ ಮಾತ್ರೆಯ ಹೆಸರು ಅವರಿಗೆ ನೆನಪಿರಲ್ಲ, "ಬಿಳಿ ಗುಳಿಗಿ" ಅನ್ನುತ್ತಾರೆ. ಹಾಗೇ ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವ ಹೆಣ್ಣುಮಕ್ಕಳು. ಇಲ್ಲಿ ತಪಾಸಣೆ, ಅಲ್ಲಿ ಹೆರಿಗೆ. ತಾಯಿ ಕಾರ್ಡ್ ಗಂಡನ ಮನೆಯಲ್ಲಿ ಉಳಿದಿರುತ್ತದೆ. ಆರ್‌ಸಿಎಚ್ ನಂಬರ್ (ತಾಯಿ-ಮಗುವಿನ ಆರೋಗ್ಯದ ಪೋರ್ಟಲ್‌ನಲ್ಲಿ ಗರ್ಭಿಣಿಗೆ ಸಿಗುವ ನಂಬರ್) ಗೊತ್ತಿದ್ದರೆ ಅಲ್ಲಿನ ಸಿಸ್ಟರ್ ಪೋರ್ಟಲ್ ನೋಡಿ, ಇಲ್ಲಿ ಹಾಕಿದ ಹಿಮೋಗ್ಲೋಬಿನ್ ತಿಳಿದುಕೊಳ್ಳಬಹುದು. ಆದ್ದರಿಂದ ಬಾಣಂತನಕ್ಕೆ ಹೊರಟವರ ಫೋನಿನಲ್ಲಿ ತಾಯಿ ಕಾರ್ಡಿನ ಫೋಟೊ ತೆಗೆದು ಕಳಿಸಿ. ಖರ್ಚಿಲ್ಲದ ಕೆಲಸ ಅದು.

ಆಭಾ ನಂಬರ್ ಬಗ್ಗೆ ನಿಮ್ಮಲ್ಲೂ ಗುರಿ ಕೊಟ್ಟಿರುತ್ತಾರೆ. 2021ರ ಸೆಪ್ಟೆಂಬರ್‌ನಲ್ಲಿ ದೇಶದಾದ್ಯಂತ ಶುರುವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ನ 14 ಅಂಕಿಯ ನಂಬರ್ ಅದು. ಬೇರೆ ಬೇರೆ ಆಸ್ಪತ್ರೆಯ ದಾಖಲೆಗಳನ್ನು ರೋಗಿಯ ಒಪ್ಪಿಗೆ ಮೇಲೆ ಜೋಡಿಸೋದು ಅದರ ಉದ್ದೇಶ. ದಾಖಲೆ ಆಯಾ ಆಸ್ಪತ್ರೆಯಲ್ಲೇ ಇರುತ್ತದೆ, ದಿಲ್ಲಿಯಲ್ಲಿ ಒಂದೇ ಕಡೆ ಗುಡ್ಡೆ ಹಾಕಲ್ಲ. ಗುಳೆ ಹೋಗುವವರಿಗೆ ಇದು ನಿಜಕ್ಕೂ ಅನುಕೂಲ ಆಗಬಹುದು. ಆದರೆ ಅದು ಸ್ವಂತ ಇಚ್ಛೆಯದು. ಆಭಾ ಇಲ್ಲ, ಆಧಾರ್ ಓಟಿಪಿ ಬರಲಿಲ್ಲ ಅಂತ ಜ್ವರದ ಮಗುವನ್ನು ಕೌಂಟರಿನಲ್ಲಿ ನಿಲ್ಲಿಸಬಾರದು. ನೋಂದಣಿ ಮಾಡಿ, ಒಳಗೆ ಕಳಿಸಿ. ನಂಬರ್ ಆಮೇಲೆ ಮಾಡಬಹುದು.

ಎರಡು ಕಡೆ ಬರೆಯೋದನ್ನು ನಿಲ್ಲಿಸುವ ಬಗೆ ಹೀಗೆ. ಒಂದೇ ಸಲ ಎಲ್ಲಾ ರಿಜಿಸ್ಟರ್ ಮುಚ್ಚಿ ಅಂತ ಕೇಳಿದರೆ ಯಾರೂ ಒಪ್ಪಲ್ಲ. ನಿಮ್ಮ ಆಸ್ಪತ್ರೆಯಲ್ಲಿ ಎಷ್ಟು ರಿಜಿಸ್ಟರ್ ಇವೆ ಅಂತ ಮೇಜಿನ ಮೇಲೆ ಸಾಲಾಗಿ ಇಟ್ಟು ಎಣಿಸಿ. ಪ್ರತಿಯೊಂದರ ಮೇಲೂ ಒಂದು ಚೀಟಿ ಅಂಟಿಸಿ: ಇದನ್ನು ಯಾರು ಓದುತ್ತಾರೆ, ಯಾವ ಆದೇಶದ ಮೇಲೆ ಇಟ್ಟಿದ್ದೇವೆ. ಕೆಲವಕ್ಕೆ ಎರಡಕ್ಕೂ ಉತ್ತರ ಸಿಗಲ್ಲ. ಮೊದಲು ಮುಚ್ಚಬೇಕಾದವು ಅವೇ. ಉಳಿದವುಗಳಲ್ಲಿ ಹೊರರೋಗಿ ನೋಂದಣಿ ರಿಜಿಸ್ಟರ್‌ನಿಂದ ಶುರು ಮಾಡಿ. ಒಂದು ತಿಂಗಳು ಎರಡೂ ಬರೆಯಿರಿ. ಪ್ರತಿ ಸಂಜೆ ಕಂಪ್ಯೂಟರಿನ ಪಟ್ಟಿ ಅಚ್ಚು ಹಾಕಿ, ರಿಜಿಸ್ಟರ್ ಜೊತೆ ತಾಳೆ ನೋಡಿ, ಎಷ್ಟು ವ್ಯತ್ಯಾಸ ಅಂತ ಕೆಳಗೆ ಬರೆದು ಸಹಿ ಹಾಕಿ. ತಿಂಗಳಾದ ಮೇಲೆ ಆ ಹಾಳೆಗಳನ್ನು ಆಡಳಿತ ವೈದ್ಯಾಧಿಕಾರಿಗಳ ಮುಂದೆ ಇಟ್ಟು, ಇನ್ನು ಅಚ್ಚು ಹಾಕಿದ ಹಾಳೆಯನ್ನೇ ಫೈಲ್ ಮಾಡುತ್ತೇವೆ ಅಂತ ಲಿಖಿತ ಅನುಮತಿ ಕೇಳಿ. ಬಾಯಿಮಾತಿನ ಒಪ್ಪಿಗೆ ಸಾಕಾಗಲ್ಲ. ಅಧಿಕಾರಿ ವರ್ಗಾವಣೆ ಆದರೆ ತಪಾಸಣೆ ದಿನ ನೀವೇ ಉತ್ತರ ಕೊಡಬೇಕಾಗುತ್ತದೆ.

ಎಂಎಲ್‌ಸಿ ರಿಜಿಸ್ಟರ್ (ಪೊಲೀಸ್, ಕೋರ್ಟಿಗೆ ಸಂಬಂಧಿಸಿದ ಪ್ರಕರಣಗಳದ್ದು) ಮಾತ್ರ ಮುಟ್ಟಬೇಡಿ. ಹೊಡೆದಾಟ, ಅಪಘಾತ, ವಿಷ ಕುಡಿದ ಪ್ರಕರಣಗಳು ಕೋರ್ಟಿಗೆ ಹೋಗುತ್ತವೆ. ಕಂಪ್ಯೂಟರಿನ ದಾಖಲೆಯನ್ನು ಕೋರ್ಟ್ ಒಪ್ಪುತ್ತದೆ, ಆದರೆ 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಅದಕ್ಕೆ ಪ್ರಮಾಣಪತ್ರ ಬೇಕು. ಆ ವ್ಯವಸ್ಥೆ ಗಟ್ಟಿಯಾಗುವ ತನಕ ಪುಟಸಂಖ್ಯೆ ಇರುವ ಕಾಗದದ ರಿಜಿಸ್ಟರ್ ಇರಲಿ. ಗರ್ಭಪಾತದ ಪ್ರವೇಶ ರಿಜಿಸ್ಟರ್ ಕೂಡ ಬೇರೆಯೇ. 2003ರ ಎಂಟಿಪಿ ನಿಯಮಗಳ ಪ್ರಕಾರ ಅದು ಗುಪ್ತ ದಾಖಲೆ. ಬೇರೆ ಕೇಸ್ ಶೀಟ್‌ನಲ್ಲಾಗಲಿ ಆಪರೇಷನ್ ಕೋಣೆಯ (ಓಟಿ) ರಿಜಿಸ್ಟರ್‌ನಲ್ಲಾಗಲಿ ಆ ಹೆಣ್ಣುಮಗಳ ಹೆಸರು ಬರಬಾರದು, ಕ್ರಮಸಂಖ್ಯೆ ಮಾತ್ರ. ಇದನ್ನು ಗೊತ್ತಿಲ್ಲದೆ ಸಾಮಾನ್ಯ ಪರದೆಯಲ್ಲಿ ಹೆಸರಿನ ಸಮೇತ ಹಾಕಿದ್ದನ್ನು ನಾನು ನೋಡಿದ್ದೇನೆ. ಎಚ್‌ಐವಿ ವಿಷಯವೂ ಅಷ್ಟೇ, 2017ರ ಕಾಯ್ದೆ ಗೋಪ್ಯತೆಯನ್ನು ಕಡ್ಡಾಯ ಮಾಡಿದೆ. ನಮ್ಮ ಊರುಗಳಲ್ಲಿ ಕೌಂಟರಿನ ಹುಡುಗ, ಲ್ಯಾಬಿನವರು, ರೋಗಿ ಎಲ್ಲರೂ ಒಂದೇ ಊರಿನವರು. ಪರದೆ ಯಾರ ಕಡೆ ತಿರುಗಿದೆ ಅನ್ನೋದೇ ದೊಡ್ಡ ವಿಷಯ. ಒಂದು ಕಡೆ ನಾನು ಮಾಡಿಸಿದ ಮೊದಲ ಬದಲಾವಣೆ ಮೇಜನ್ನು ತಿರುಗಿಸಿ ಹಾಕಿಸಿದ್ದು.

ಪಾಸ್‌ವರ್ಡ್ ಹಂಚಿಕೊಳ್ಳಬೇಡಿ ಅಂತ ಹೇಳಿದರೆ ಸಾಲದು. ಇಡೀ ಆಸ್ಪತ್ರೆಗೆ ಒಂದೇ ಲಾಗಿನ್ ಕೊಟ್ಟರೆ ಪಾಪ ಸಿಬ್ಬಂದಿ ಏನು ಮಾಡಬೇಕು? ಪ್ರತಿಯೊಬ್ಬರಿಗೂ ಬೇರೆ ಲಾಗಿನ್ ಕೇಳಿ ಪತ್ರ ಬರೆಯಿರಿ. ನಾಳೆ ತಪ್ಪು ಔಷಧ ಯಾರು ನಮೂದಿಸಿದ್ದು ಅಂತ ಪ್ರಶ್ನೆ ಬಂದರೆ, ಆ ಹೊತ್ತಿಗೆ ಡ್ಯೂಟಿಯಲ್ಲೇ ಇಲ್ಲದ ನಿಮ್ಮ ಹೆಸರು ಅಲ್ಲಿರಬಾರದು.

ಕರೆಂಟಿನ ವಿಷಯಕ್ಕೆ ಒಂದು ಚಿಕ್ಕ ತಪಾಸಣೆ ಮಾಡಿ. ಯುಪಿಎಸ್‌ಗೆ ಏನೇನು ಜೋಡಿಸಿದ್ದಾರೆ ನೋಡಿ. ಎಷ್ಟೋ ಕಡೆ ಕಂಪ್ಯೂಟರ್‌ಗೆ ಮಾತ್ರ ಕೊಟ್ಟಿರುತ್ತಾರೆ, ಗೋಡೆ ಮೇಲಿನ ರೌಟರ್ ಸಾಮಾನ್ಯ ಪ್ಲಗ್‌ನಲ್ಲಿರುತ್ತದೆ. ಕರೆಂಟ್ ಹೋದ ಕೂಡಲೇ ಪರದೆ ಬೆಳಗುತ್ತಲೇ ಇರುತ್ತದೆ, ನೆಟ್ ಸತ್ತಿರುತ್ತದೆ. ಎಲ್ಲರೂ "ಸರ್ವರ್ ಡೌನ್" ಅನ್ನುತ್ತಾರೆ. ರೌಟರನ್ನೂ ಯುಪಿಎಸ್‌ಗೆ ಹಾಕಿಸಿ, ಲೇಸರ್ ಪ್ರಿಂಟರ್ ಅದಕ್ಕೆ ಹಾಕಿದ್ದರೆ ತೆಗೆಸಿ. ಆದರೂ ನಿಲ್ಲುವ ದಿನ ಇದ್ದೇ ಇರುತ್ತದೆ. ಅದಕ್ಕೆ ಪರದೆಯಲ್ಲಿರುವ ಕ್ರಮದಲ್ಲೇ ಒಂದು ಪುಟದ ಫಾರಂ ಅಚ್ಚು ಹಾಕಿ 50 ಪ್ರತಿ ಡ್ರಾಯರ್‌ನಲ್ಲಿಡಿ. ಮರುದಿನ ಮಧ್ಯಾಹ್ನದೊಳಗೆ ಅವನ್ನು ಕಂಪ್ಯೂಟರಿಗೆ ಹಾಕುವವರು ಯಾರು ಅಂತ ಹೆಸರು ಹಿಡಿದು ಗೊತ್ತು ಮಾಡಿ. ಹಾಕುವಾಗ ರೋಗಿ ಬಂದ ಸಮಯವನ್ನೇ ಹಾಕಬೇಕು, ಟೈಪ್ ಮಾಡಿದ ಸಮಯವನ್ನಲ್ಲ.

ಹಿರಿಯ ಸಿಸ್ಟರ್‌ಗಳ ಭಯದ ಬಗ್ಗೆ ಬರೆದಿದ್ದೀರಿ. ಆಫ್ರಿಕಾದ ಮಲಾವಿಯಲ್ಲಿ ಕೀಬೋರ್ಡೇ ಮುಟ್ಟದ ಸಿಬ್ಬಂದಿಗಾಗಿ ಬವೋಬಾಬ್ ಹೆಲ್ತ್ ಅನ್ನೋ ಸಂಸ್ಥೆ ಬೆರಳಿನಿಂದ ಮುಟ್ಟುವ ಪರದೆ ಮಾಡಿಕೊಟ್ಟಿತು. ದಿನಾ ಮೊಮ್ಮಕ್ಕಳ ಜೊತೆ ವಾಟ್ಸಾಪ್‌ನಲ್ಲಿ ಮಾತಾಡುವ ನಿಮ್ಮ ಹಿರಿಯರಿಗೆ ಅದು ಕಷ್ಟವೇನಲ್ಲ. ಟ್ಯಾಬ್ ಸಿಕ್ಕರೆ ಅವರಿಗೆ ಅದನ್ನೇ ಕೊಡಿ. ತರಬೇತಿ ಹಾಲ್‌ನಲ್ಲಿ ಎರಡು ದಿನ ಕೂರಿಸೋದಕ್ಕಿಂತ, ಓಪಿಡಿ ಮುಗಿದ ಮೇಲೆ ದಿನಾ ಅರ್ಧ ಗಂಟೆ, ಅದೇ ದಿನದ ಹತ್ತು ರೋಗಿಗಳನ್ನು ಪಕ್ಕ ಕೂತು ಹಾಕಿಸಿ. ಕಲಿಸುವವರು ಕಂಪ್ಯೂಟರ್ ಹುಡುಗನಿಗಿಂತ ನಿಮ್ಮಂಥ ಸಿಸ್ಟರ್ ಆದರೆ ಒಳ್ಳೇದು, ಕೇಳಲು ಸಂಕೋಚ ಇರಲ್ಲ.

ಕೀನ್ಯಾದ ಮೊಸೊರಿಯಟ್ ಅನ್ನೋ ಹಳ್ಳಿ ಆರೋಗ್ಯ ಕೇಂದ್ರದಲ್ಲಿ 2001ರಲ್ಲೇ ಕಂಪ್ಯೂಟರ್ ದಾಖಲೆ ಶುರುವಾಯಿತು. ಗಡಿಯಾರ ಹಿಡಿದು ಅಳೆದಾಗ ರೋಗಿಗಳು ಅಲ್ಲಿ ಕಳೆಯುವ ಸಮಯ 22% ಕಡಿಮೆ ಆಗಿತ್ತು. ಅದೇ ಅಳತೆಯಲ್ಲಿ ಸಿಬ್ಬಂದಿ ರೋಗಿಗಳೊಂದಿಗೆ ಕಳೆಯುವ ಸಮಯವೂ 58% ಕಡಿಮೆ ಆಗಿತ್ತು. ಈ ಎರಡನೆಯದು ನನ್ನನ್ನು ಕಾಡುತ್ತದೆ. ಉಳಿದ ಸಮಯ ರೋಗಿಗೆ ವಾಪಸ್ ಸಿಗಬೇಕು. ಹಾಗಾಗಿ ಟೈಪ್ ಮಾಡೋದು ರೋಗಿ ಎದುರಿಗಿರುವಾಗ ಎರಡು ಮೂರು ವಿಷಯಕ್ಕೆ ಮಾತ್ರ ಸೀಮಿತ ಆಗಲಿ.

ಕೊನೆಯದಾಗಿ ಆಶಾ ಕಾರ್ಯಕರ್ತೆಯರ ಮಾತು. ಪೋರ್ಟಲ್‌ನಲ್ಲಿ ಎಂಟ್ರಿ ಆಗಿಲ್ಲ ಅಂತ ಅವರ ಪ್ರೋತ್ಸಾಹಧನ ತಪ್ಪುತ್ತದೆ. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಚಳಿಯಲ್ಲಿ ಕೂತು ಅವರು ಹೇಳಿದ ದೂರುಗಳಲ್ಲಿ ಇದೂ ಒಂದು. ಕೆಲಸ ಅವರು ಮಾಡಿರುತ್ತಾರೆ, ಎಂಟ್ರಿ ನಮ್ಮ ಕಡೆ ಬಾಕಿ ಇರುತ್ತದೆ. ಅದಕ್ಕೆ ತಿಂಗಳ 25ಕ್ಕೆ ಬಾಕಿ ಪಟ್ಟಿ ತೆಗೆದು, ಅವರ ಡೈರಿ ಪಕ್ಕದಲ್ಲಿಟ್ಟು ತಾಳೆ ನೋಡುವ ಒಂದು ಗಂಟೆಯನ್ನು ನಿಮ್ಮ ಡ್ಯೂಟಿ ಪಟ್ಟಿಯಲ್ಲೇ ಬರೆದು ಹಾಕಿಸಿ.

ಮುಂದಿನ ತಿಂಗಳ ಸಭೆಗೆ ಹೋಗುವಾಗ ರಿಜಿಸ್ಟರ್ ಎಣಿಕೆ, ತಾಳೆ ನೋಡಿದ ಹಾಳೆ, ನೆಟ್ ಎಷ್ಟು ದಿನ ಎಷ್ಟು ಗಂಟೆ ಇರಲಿಲ್ಲ ಅನ್ನುವ ಪಟ್ಟಿ, ಈ ಮೂರನ್ನೂ ಜೊತೆಗೆ ಒಯ್ಯಿರಿ. ಒಬ್ಬ ಡಾಟಾ ಎಂಟ್ರಿ ಆಪರೇಟರ್ ಬೇಕು ಅಂತ ಕೇಳುವಾಗ ಮೇಲೆ ಹೇಳಿದ 600 ನಿಮಿಷದ ಲೆಕ್ಕವನ್ನೂ ನಿಮ್ಮ ಆಸ್ಪತ್ರೆಯ ಅಂಕಿ ಹಾಕಿ ತೋರಿಸಿ. ಏನಂದರು ಅಂತ ನನಗೆ ಬರೆಯಿರಿ.